ವೆಜ್ ಅಂದ್ವಿ, ಮೊಟ್ಟೆ ಹಾಕಿದ್ವಿ

ಮೊದಲೇ ಒಪ್ಕೊಂಡ್ಬಿಡ್ತೀವಿ, ತಪ್ಪು ನಮ್ಮದೇ. ಕಳೆದ ಮಾರ್ಚ್ 1ರ ರಾತ್ರಿ, ಕಾರ್ಡಿಫ್‌ನ ನಮ್ಮ ಬಾಡಿಗೆ ಮನೆಯಲ್ಲಿ, ಜೊತೆಗೇ ಇರೋ ಗೆಳೆಯನಿಗೆ "ಪಕ್ಕಾ ವೆಜ್ ಮಗಾ, ತಿನ್ನು" ಅಂತ ಹೇಳಿ ಮೊಟ್ಟೆ ಹಾಕಿದ ತಿಂಡಿ ತಿನ್ನಿಸಿದ್ವಿ. ಬೇಕಂತ ಮಾಡಿದ್ದಲ್ಲ. ಆದ್ರೆ 'ಬೇಕಂತ ಮಾಡಿದ್ದಲ್ಲ ಕಣೋ' ಅನ್ನೋ ಮಾತು ಅವನೆದುರು ನಿಂತು ಹೇಳುವಾಗ ನಮಗೇ ಪೇಲವ ಅನ್ನಿಸ್ತು. ಅದಕ್ಕೇ ಈ ಲೇಖನ.

ನಾವು ಅಂದ್ರೆ ಮೂರು ಜನ. ಮಂಡ್ಯದವನೊಬ್ಬ, ದಾವಣಗೆರೆಯವರಿಬ್ಬರು. ಎರಡು ವರ್ಷದ ಹಿಂದಿನ ತನಕ ಇದೇ ಪತ್ರಿಕೆಗೆ ರಾತ್ರಿಯೆಲ್ಲಾ ಕೂತು ಒತ್ತಕ್ಷರ ತಿದ್ದುತ್ತಿದ್ದವರು. ಈಗ ವೇಲ್ಸ್‌ನಲ್ಲಿ ಎಂ.ಎಸ್ಸಿ. ಮಾಡ್ತಾ, ಹೊಟ್ಟೆಪಾಡಿಗೆ ಅಡುಗೆ ಕಲೀತಾ ಇದ್ದೀವಿ. ಮನೆಯ ನಾಲ್ಕನೇ ಸದಸ್ಯ ಶಿರಸಿ ಕಡೆಯವನು. ಈರುಳ್ಳಿ, ಬೆಳ್ಳುಳ್ಳಿ ತಿಂತಾನೆ. ಮೊಟ್ಟೆ, ಮಾಂಸ ಮುಟ್ಟಲ್ಲ. ನಾವು ಮಾಂಸ ಬೇಯಿಸಿದಾಗ ಮೂಗು ಮುಚ್ಚಿಕೊಂಡವನಲ್ಲ, ಪಾತ್ರೆ ಬೇರೆ ಮಾಡಿ ಅಂದವನೂ ಅಲ್ಲ. ಇದನ್ನ ಈಗಲೇ ಹೇಳ್ತಿರೋದು ಯಾಕಂದ್ರೆ ಮುಂದಿನದು ಓದುವಾಗ 'ಓ, ಅವನು ಆ ಥರದವನು' ಅಂತ ನೀವು ಸುಲಭವಾಗಿ ತೀರ್ಮಾನ ಮಾಡಬಾರದು.

ನಮ್ಮ ಅಭಿಪ್ರಾಯವನ್ನೂ ಇಲ್ಲೇ ಹೇಳಿಬಿಡ್ತೀವಿ. 'ವೆಜ್' ಅನ್ನೋದು ಒಂದು ಪದಾರ್ಥ ಅಲ್ಲ. ಅಡುಗೆ ಮಾಡಿದವರು ತಿನ್ನೋರಿಗೆ ಹೇಳಬೇಕಾದ್ದು ಆ ಪದವನ್ನಲ್ಲ, ಒಳಗೆ ಏನೇನು ಹಾಕಿದ್ದೀವಿ ಅನ್ನೋದನ್ನ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟುದ್ದ ಯಾಕೆ ಬರೀಬೇಕು ಅಂದ್ರೆ, ನಾವು ಮಾಡಿದ ತಿಂಡಿಯ ಕಥೆಯೇ ಆ ಪದ ಎಷ್ಟು ಜಾರುತ್ತೆ ಅಂತ ತೋರಿಸುತ್ತೆ.

ತಿಂಡಿಯ ಹೆಸರು ಗ್ಲಾಮೊರ್ಗನ್ ಸಾಸೇಜ್. ವೆಲ್ಶ್ ಭಾಷೆಯಲ್ಲಿ ಸೆಲ್ಸಿಗ್ ಮೊರ್ಗಾನುಗ್. ಗ್ಲಾಮೊರ್ಗನ್ ಅನ್ನೋದು ದಕ್ಷಿಣ ವೇಲ್ಸ್‌ನ ಹಳೇ ಜಿಲ್ಲೆ, ಕಾರ್ಡಿಫ್ ಕೂಡ ಅದರೊಳಗೇ ಇತ್ತು. ಸಾಸೇಜ್ ಅಂದ ಕೂಡ್ಲೆ ನಮ್ಮ ಕಣ್ಣಿಗೆ ಬರೋದು ಕರುಳಿನ ಚೀಲಕ್ಕೆ ತುಂಬಿದ ಮಾಂಸ. ಇದರಲ್ಲಿ ಚೀಲವೂ ಇಲ್ಲ, ಮಾಂಸವೂ ಇಲ್ಲ. ಚೀಸು, ಲೀಕು, ಬ್ರೆಡ್ಡಿನ ತುರಿ, ಮುಖ್ಯವಾಗಿ ಇಷ್ಟೇ. ಲೀಕ್ ಅಂದ್ರೆ ನಮ್ಮ ಈರುಳ್ಳಿ ಸೊಪ್ಪಿನ ದೊಡ್ಡಪ್ಪ ಅಂದ್ಕೊಳ್ಳಿ. ಮಣಿಕಟ್ಟಿನಷ್ಟು ದಪ್ಪ, ಬುಡ ಬಿಳಿ, ಮೇಲೆ ಹಸಿರು, ರುಚಿ ಈರುಳ್ಳಿಗಿಂತ ಮೆತ್ತಗೆ, ಸ್ವಲ್ಪ ಸಿಹಿ. ಅದು ವೇಲ್ಸ್‌ನ ರಾಷ್ಟ್ರೀಯ ಲಾಂಛನವೂ ಹೌದು. ಮಾರ್ಚ್ 1 ಅವರ ಸಂತ ಡೇವಿಡ್‌ನ ದಿನ. ಆವತ್ತು ಜನ ಕೋಟಿಗೆ ಲೀಕ್ ಇಲ್ಲಾ ಡ್ಯಾಫೊಡಿಲ್ ಹೂವು ಸಿಗಿಸ್ಕೊಂಡು ಓಡಾಡ್ತಾರೆ. ತರಕಾರಿಯನ್ನ ಎದೆ ಮೇಲೆ ಸಿಗಿಸ್ಕೊಳ್ಳೋ ದೇಶ ನಮಗೆ ನೋಡಿದ ದಿನವೇ ಇಷ್ಟ ಆಯ್ತು. ನವೆಂಬರ್ 1ಕ್ಕೆ ನಾವು ಬಾವುಟ ಕಟ್ತೀವಿ, ಇವರ ಹಬ್ಬಕ್ಕೆ ಇವರದೇ ಅಡುಗೆ ಮಾಡೋಣ ಅಂತ ಹೊರಟಿದ್ದೇ ಇಷ್ಟಕ್ಕೆಲ್ಲಾ ಕಾರಣ.

ಈ ಸಾಸೇಜು ಹುಟ್ಟಾ ಸಸ್ಯಾಹಾರಿಯೇ? ಇಲ್ಲೇ ಮೊದಲ ಜಾರು. ಜಾರ್ಜ್ ಬಾರೋ ಅನ್ನೋ ಇಂಗ್ಲಿಷ್ ಲೇಖಕ 1854ರಲ್ಲಿ ವೇಲ್ಸ್ ಪೂರ್ತಿ ನಡೆದುಕೊಂಡೇ ಸುತ್ತಿದ. ವೆಲ್ಶ್ ಭಾಷೆಯನ್ನ ತಾನೇ ಕಲಿತಿದ್ದ ಪುಣ್ಯಾತ್ಮ. 1862ರಲ್ಲಿ ಬಂದ 'ವೈಲ್ಡ್ ವೇಲ್ಸ್' ಪುಸ್ತಕದಲ್ಲಿ, ಒಂದು ಬೆಳಗಿನ ತಿಂಡಿಗೆ ಗ್ಲಾಮೊರ್ಗನ್ ಸಾಸೇಜ್ ತಿಂದು ಖುಷಿಯಾದದ್ದನ್ನ ಬರೆದಿದ್ದಾನೆ. ಒಳಗೇನಿತ್ತು ಅಂತ ಮಾತ್ರ ಬರೆದಿಲ್ಲ. ಎಪ್ಪಿಂಗ್ ಊರಿನ ಸಾಸೇಜಿಗೆ ಹೋಲಿಸಿ ಹೊಗಳ್ತಾನೆ, ಎಪ್ಪಿಂಗಿನದು ಹಂದಿ ಮಾಂಸದ್ದು. ಹಾಗಾಗಿ ಬಾರೋ ತಿಂದದ್ದರಲ್ಲಿ ಮಾಂಸ ಇದ್ದಿರಬಹುದು ಅನ್ನೋರಿದ್ದಾರೆ. ಅಂದ್ರೆ 'ಸಾಂಪ್ರದಾಯಿಕ ವೆಜ್' ಅಂತ ನಾವು ಎದೆ ತಟ್ಟಿ ಬಡಿಸಿದ ತಿಂಡಿಯ ಸಂಪ್ರದಾಯವೇ ಅಷ್ಟು ನೆಟ್ಟಗಿಲ್ಲ!

ಇವತ್ತಿನ ರೂಪ ಗಟ್ಟಿಯಾಗಿ ನೆಲೆ ನಿಂತದ್ದು ಎರಡನೇ ಮಹಾಯುದ್ಧದ ರೇಷನ್ ಕಾಲದಲ್ಲಿ. ಬ್ರಿಟನ್ನಿನಲ್ಲಿ 1940ರಲ್ಲಿ ಮಾಂಸಕ್ಕೆ ರೇಷನ್ ಬಂತು, 1941ರಲ್ಲಿ ಚೀಸಿಗೆ. ಮಾಂಸದ ರೇಷನ್ ಮುಗಿದದ್ದು 1954ರ ಜುಲೈನಲ್ಲಿ, ಯುದ್ಧ ಮುಗಿದು ಒಂಬತ್ತು ವರ್ಷ ಆದ ಮೇಲೆ. ಚೀಸು ತಲೆಗೆ ವಾರಕ್ಕೆ ಸಾಮಾನ್ಯವಾಗಿ ಎರಡು ಔನ್ಸ್, ಅಂದ್ರೆ 57 ಗ್ರಾಂ ಆಸುಪಾಸು. ಮೊಟ್ಟೆ ವಾರಕ್ಕೊಂದು, ಅದೂ ಸಿಕ್ಕಿದ್ರೆ. ಆಗ ಸಸ್ಯಾಹಾರಿ ಅಂತ ಹೆಸರು ನೋಂದಾಯಿಸಿಕೊಂಡವರಿಗೆ ಮಾಂಸದ ಕೂಪನ್ ಬಿಟ್ಟುಕೊಟ್ಟರೆ ಬದಲಿಗೆ ಹೆಚ್ಚು ಚೀಸ್ ಕೊಡ್ತಿದ್ರು. ಸಸ್ಯಾಹಾರ ಅನ್ನೋದು ಅಲ್ಲಿ ರೇಷನ್ ಪುಸ್ತಕದ ಒಂದು ಕಾಲಂ ಆಗಿತ್ತು. ಇನ್ನುಳಿದವರ ಮನೆಯಲ್ಲಿ ಚೀಸ್ ಸಾಸೇಜ್ ಆದದ್ದು ವ್ರತದಿಂದಲ್ಲ, ಮಡಿಯಿಂದಲೂ ಅಲ್ಲ, ಮಾಂಸ ಸಾಕಾಗ್ತಿರ್ಲಿಲ್ಲ ಅಷ್ಟೆ.

ಇನ್ನೊಂದು ತಮಾಷೆ ಕೇಳಿ. ಗ್ಲಾಮೊರ್ಗನ್ ಸಾಸೇಜಿಗೆ 'ಕೇರ್‌ಫಿಲಿ ಚೀಸೇ ಆಗ್ಬೇಕು' ಅಂತ ಇವತ್ತು ಎಲ್ಲಾ ಅಡುಗೆ ಪುಸ್ತಕಗಳೂ ಹೇಳ್ತಾವೆ. ಯುದ್ಧದ ಕಾಲದಲ್ಲಿ ಸರ್ಕಾರ ಹಾಲನ್ನೆಲ್ಲಾ ಗಟ್ಟಿ ಚೀಸಿನ ಕಡೆ ತಿರುಗಿಸಿ ಕೇರ್‌ಫಿಲಿ ಥರದ ಎಳೇ ಚೀಸ್ ಮಾಡೋದನ್ನೇ ನಿಲ್ಲಿಸಿತ್ತು. ಮನೆಗೆ ಬರ್ತಿದ್ದದ್ದು 'ಸರ್ಕಾರಿ ಚೆಡ್ಡರ್' ಅಂತ ಕರೀತಿದ್ದ ಒಂದೇ ಥರದ ಚೀಸು. ಅಂದ್ರೆ ಈ ತಿಂಡಿ ಮಾಂಸ ಬಿಟ್ಟು ಬದುಕಿದ ಕಾಲದಲ್ಲಿ ಅದರ 'ಅಸಲಿ' ಚೀಸೇ ಇರ್ಲಿಲ್ಲ. ಅಸಲಿ ಅಸಲಿ ಅಂತ ಬಾಯಿ ಬಡ್ಕೊಳ್ಳೋ ಅಡುಗೆ ವಿಡಿಯೋದವರಿಗೆ ಇದನ್ನ ಯಾರಾದ್ರೂ ಹೇಳ್ಬೇಕು.

ಹಾಗಂತ ಕೇರ್‌ಫಿಲಿಯನ್ನ ಕೀಳು ಮಾಡ್ತಿಲ್ಲ. ನಾವು ಅಲ್ಲಿಗೇ ಹೋಗಿ ಬಂದ್ವಿ, ಕಾರ್ಡಿಫ್‌ನಿಂದ ರೈಲಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಊರ ನಡುವೆ 1268ರಲ್ಲಿ ಗಿಲ್ಬರ್ಟ್ ಡಿ ಕ್ಲೇರ್ ಕಟ್ಟಿಸೋಕೆ ಶುರು ಮಾಡಿದ ದೊಡ್ಡ ಕೋಟೆ ಇದೆ. ಸುತ್ತ ಕೆರೆಯಂಥ ನೀರು. ಅದರ ಆಗ್ನೇಯ ಮೂಲೆಯ ಗೋಪುರ ಸುಮಾರು 10 ಡಿಗ್ರಿ ವಾಲಿದೆ. ಪೀಸಾ ಗೋಪುರದ್ದು ಈಗ 4 ಡಿಗ್ರಿ. ಸಿವಿಲ್‌ನವರು ಪಾಯದ ಪಾಠದಲ್ಲಿ ಪೀಸಾ ಒಂದನ್ನೇ ಯಾಕೆ ಹಿಡ್ಕೊಂಡಿದ್ದಾರೋ ಗೊತ್ತಿಲ್ಲ. ಇದಿರಲಿ, ಚೀಸಿಗೆ ಬರೋಣ. ಕೇರ್‌ಫಿಲಿ ಬಿಳೀ ಚೀಸು, ಒತ್ತಿದರೆ ಪುಡಿಯಾಗುತ್ತೆ, ಉಪ್ಪುಪ್ಪು, ಹಿಂದೆ ಒಂಚೂರು ಮಜ್ಜಿಗೆಯ ಹುಳಿ. ಉಪ್ಪುನೀರಲ್ಲಿ ನೆನೆಸಿ ತೆಗೀತಾರೆ, ಕೆಲವೇ ವಾರಕ್ಕೆ ತಿನ್ನೋಕೆ ಸಿದ್ಧ. ಕಲ್ಲಿದ್ದಲ ಗಣಿಯವರ ಬುತ್ತಿಯ ಚೀಸ್ ಇದು. ಬೆವರಲ್ಲಿ ಹೋದ ಉಪ್ಪು ವಾಪಸ್ ಬರುತ್ತೆ, ಭೂಮಿಯಡಿಯ ಕಾವಿಗೂ ಬೇಗ ಕೆಡಲ್ಲ ಅಂತ ಅಲ್ಲಿಯವರು ಹೇಳ್ತಾರೆ.

ಗಣಿ ಅಂದಾಗ ಒಂದು ವಿಷಯ ಬಿಟ್ಟು ಮುಂದೆ ಹೋಗೋಕೆ ಮನಸ್ಸು ಬರಲ್ಲ. ಕೇರ್‌ಫಿಲಿಯಿಂದ ಕೆಲವೇ ಮೈಲಿ ಮೇಲೆ ಸೆಂಗೆನಿತ್ ಅನ್ನೋ ಹಳ್ಳಿ. 1913ರ ಅಕ್ಟೋಬರ್ 14ರ ಬೆಳಿಗ್ಗೆ ಅಲ್ಲಿನ ಗಣಿಯಲ್ಲಿ ಮೀಥೇನ್ ಹೊತ್ತಿ, ಕಲ್ಲಿದ್ದಲ ಧೂಳು ಸ್ಫೋಟಿಸಿ 439 ಗಣಿ ಕೆಲಸಗಾರರು ಸತ್ತರು. ಬ್ರಿಟನ್ನಿನ ಗಣಿ ಚರಿತ್ರೆಯಲ್ಲೇ ಅತಿ ದೊಡ್ಡ ದುರಂತ. ಕಿಡಿ ಬಂದದ್ದು ವಿದ್ಯುತ್ ಸಿಗ್ನಲ್ ತಂತಿಯಿಂದ ಇರಬಹುದು ಅನ್ನೋದು ತನಿಖೆಯಲ್ಲಿ ಬಂದ ಅನುಮಾನ. ಸುರಕ್ಷತೆಯ ನಿಯಮ ಮುರಿದದ್ದಕ್ಕೆ ವ್ಯವಸ್ಥಾಪಕನಿಗೆ ಬಿದ್ದ ದಂಡ 24 ಪೌಂಡು, ಕಂಪನಿಗೆ 10 ಪೌಂಡು. ಅಲ್ಲಿನ ಸ್ಮಾರಕದ ಮುಂದೆ ನಿಂತು ಬಂದ ಮೇಲೆ ಬುತ್ತಿಯ ಚೀಸು ನಮಗೆ ಬರೀ ಅಡುಗೆ ಸಾಮಾನಾಗಿ ಕಾಣ್ಲಿಲ್ಲ.

ಈಗ ಅಡುಗೆ. ಮೊದಲ ಸಲ ಪೂರ್ತಿ ಹಾಳಾಯ್ತು, ಅದನ್ನೇ ಮೊದಲು ಹೇಳ್ತೀವಿ.

ಲೀಕ್ ಬೆಳೆಯುವಾಗ ಬುಡ ಬೆಳ್ಳಗಾಗಲಿ ಅಂತ ಸುತ್ತ ಮಣ್ಣು ಏರಿಸ್ತಾರೆ. ಆ ಮಣ್ಣು ಎಲೆಯ ಪದರ ಪದರದೊಳಗೂ ಕೂತಿರುತ್ತೆ. ಮಂಡ್ಯದವನು ಮೇಲೆ ಮೇಲೆ ನಲ್ಲಿ ನೀರು ಬಿಟ್ಟು 'ಆಯ್ತು' ಅಂದ. ಹೆಚ್ಚಿ ಬೆಣ್ಣೇಲಿ ಬಾಡಿಸುವಾಗ ಮುಚ್ಚಳ ಮುಚ್ಚಿದ್ವಿ, ನೀರು ಬಿಟ್ಕೊಳ್ತು, ಆ ನೀರಿನ ಸಮೇತ ಚೀಸಿಗೆ ಸುರಿದ್ವಿ. ಫ್ರಿಜ್‌ನಲ್ಲಿ ಇಡ್ಬೇಕು ಅನ್ನೋ ಸಾಲನ್ನ ಹಸಿವಿನಲ್ಲಿ ಹಾರಿಸಿದ್ವಿ. ಎಣ್ಣೆ ಕಾಯೋ ಮುಂಚೆ ಬಾಣಲೆಗೆ ಬಿಟ್ವಿ. ಎಂಟು ಸಾಸೇಜೂ ಬಿಚ್ಕೊಂಡು, ಚೀಸ್ ಸೋರಿ ತಳ ಹಿಡಿದು, ಹೊಗೆ ಎದ್ದು, ಮನೆಯ ಹೊಗೆ ಅಲಾರಂ ಕಿರುಚಿ, ಒಬ್ಬ ಟವೆಲ್ ಬೀಸ್ತಾ ಒಬ್ಬ ಕಿಟಕಿ ತೆಗೀತಾ... ವಿದೇಶದಲ್ಲಿ ಒಗ್ಗರಣೆ ಹಾಕಿದ ಯಾರಿಗೇ ಆಗಲಿ ಈ ದೃಶ್ಯ ಹೊಸದಲ್ಲ. ಉಳಿದದ್ದನ್ನ ಚಮಚದಲ್ಲಿ ಕೆರೆದು ತಿಂದ್ವಿ. ಹಲ್ಲಿಗೆ ಕರಕರ ಮಣ್ಣು.

ಎರಡನೇ ಸಲ ಎಂಜಿನಿಯರುಗಳ ಹಾಗೆ ಯೋಚನೆ ಮಾಡಿದ್ವಿ. ಇದು ಕಾಂಕ್ರೀಟು ಕಣ್ರೀ. ಬ್ರೆಡ್ ತುರಿ ಜಲ್ಲಿ, ಮೊಟ್ಟೆ ಸಿಮೆಂಟು, ಲೀಕಿನ ನೀರು ಜಾಸ್ತಿಯಾದ್ರೆ ಬಲ ಇಳಿಯುತ್ತೆ, ಫ್ರಿಜ್‌ನ ಅರ್ಧ ಗಂಟೆ ಕ್ಯೂರಿಂಗ್. ಎಂಟು ಸಾಸೇಜಿಗೆ ನಮ್ಮ ಅಳತೆ ಹೀಗಿತ್ತು: ಕೇರ್‌ಫಿಲಿ 150 ಗ್ರಾಂ, ಒಂದು ದಿನ ಹಳೇ ಬ್ರೆಡ್ಡಿನ ತುರಿ 150 ಗ್ರಾಂ, ಹೊರಗೆ ಹೊರಳಿಸೋಕೆ ಇನ್ನೊಂದು ಹಿಡಿ, ಮಧ್ಯಮ ಗಾತ್ರದ ಒಂದು ಲೀಕು, ಬೆಣ್ಣೆ ಒಂದು ದೊಡ್ಡ ಚಮಚ, ಸಾಸಿವೆ ಪೇಸ್ಟ್ ಒಂದು ಟೀ ಚಮಚ, ಪಾರ್ಸ್ಲಿ, ಥೈಮ್ ಸೊಪ್ಪು, ಮೆಣಸಿನ ಪುಡಿ (ಕರಿಮೆಣಸು, ಬ್ಯಾಡಗಿ ಅಲ್ಲ, ಆಸೆಯೇನೋ ಆಯ್ತು) ಮತ್ತು ಎರಡು ಮೊಟ್ಟೆ. ಉಪ್ಪು ಕಡಿಮೆ, ಚೀಸಲ್ಲೇ ಬೇಕಾದಷ್ಟಿರುತ್ತೆ.

ಲೀಕನ್ನ ಉದ್ದಕ್ಕೆ ಸೀಳಿ, ಪದರ ಬಿಡಿಸಿ, ಬೋಗುಣಿಯ ನೀರಲ್ಲಿ ಅಲ್ಲಾಡಿಸಿ ತೊಳೀಬೇಕು. ಮಣ್ಣು ಕೆಳಗೆ ಕೂರುತ್ತೆ. ಸಣ್ಣಗೆ ಹೆಚ್ಚಿ, ಮುಚ್ಚಳ ಇಲ್ಲದೆ, ಸಣ್ಣ ಉರಿಯಲ್ಲಿ, ಕೆಂಪಾಗದ ಹಾಗೆ ಬಾಡಿಸಿ ನೀರೆಲ್ಲಾ ಆರಿಸಬೇಕು. ಪೂರ್ತಿ ತಣ್ಣಗಾದ ಮೇಲೇ ಚೀಸಿಗೆ ಸೇರಿಸಬೇಕು, ಬಿಸಿ ಇದ್ರೆ ಚೀಸ್ ಅಲ್ಲೇ ಬೆವರುತ್ತೆ. ಒಂದು ಮೊಟ್ಟೆ ಪೂರ್ತಿ, ಇನ್ನೊಂದರ ಹಳದಿ ಮಿಶ್ರಣಕ್ಕೆ, ಉಳಿದ ಬಿಳಿಭಾಗ ಹೊರಗೆ ಸವರೋಕೆ. ಕೈ ಒದ್ದೆ ಮಾಡ್ಕೊಂಡು ನುಚ್ಚಿನುಂಡೆ ಕಟ್ಟೋ ಹಾಗೆ ಉದ್ದುದ್ದ ಕಟ್ಟಿ. ಬಿಳಿಭಾಗದಲ್ಲಿ ಅದ್ದಿ, ತುರಿಯಲ್ಲಿ ಹೊರಳಿಸಿ, ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಆಮೇಲೆ ಸ್ವಲ್ಪ ಎಣ್ಣೆಯಲ್ಲಿ ಮಧ್ಯಮ ಉರಿ, ತಿರುಗಿಸ್ತಾ ತಿರುಗಿಸ್ತಾ ಎಂಟು ಹತ್ತು ನಿಮಿಷ. ಮೊಟ್ಟೆ 60ರಿಂದ 70 ಡಿಗ್ರಿ ಸೆಲ್ಸಿಯಸ್‌ನೊಳಗೆ ಗಟ್ಟಿಯಾಗಿ ಜಾಲದ ಥರ ಹಿಡ್ಕೊಳ್ಳುತ್ತೆ. ಕೇರ್‌ಫಿಲಿ ಹುಳಿ ಇರೋ ಚೀಸ್ ಆದ್ದರಿಂದ ಪಿಜ್ಜಾದ ಚೀಸಿನ ಹಾಗೆ ದಾರ ದಾರ ಎಳೆಯಲ್ಲ, ಒಳಗೇ ಮೆತ್ತಗಾಗಿ ಕೂರುತ್ತೆ.

ಬಂತು ನೋಡಿ ಎರಡನೇ ಬ್ಯಾಚು. ಹೊರಗೆ ಗರಿಗರಿ, ಒಳಗೆ ಬಿಸಿ ಬಿಸಿ, ಲೀಕಿನ ಸಿಹಿ, ಸಾಸಿವೆಯ ಘಾಟು. ನಮ್ಮ ಬೆನ್ನು ನಾವೇ ತಟ್ಕೊಂಡ್ವಿ.

ಶಿರಸಿಯವನು ಪಾರ್ಟ್ ಟೈಮ್ ಕೆಲಸ ಮುಗಿಸಿ ಹತ್ತೂವರೆಗೆ ಬಂದ. ಮಳೆಯಲ್ಲಿ ನೆಂದಿದ್ದ. "ಸಾಸೇಜ್ ಮಾಡಿದೀವಿ, ವೆಜ್" ಅಂದ್ವಿ. ನಕ್ಕ, ಕೂತ, ತಿಂದ. ಒಂದಲ್ಲ, ನಾಲ್ಕು. ನಾಲ್ಕನೇದು ಮುಗಿಸ್ತಾ "ಸಖತ್ತಾಗಿದ್ಯಲ್ರೋ. ಏನೇನು ಹಾಕಿದ್ರಿ? ನಾಳೆ ಆಯಿಗೆ ಫೋನ್ ಮಾಡಿ ಹೇಳ್ತೆ" ಅಂದ. ನಾವು ಹೆಮ್ಮೆಯಿಂದ ಶುರು ಮಾಡಿದ್ವಿ. ಲೀಕ್, ಚೀಸ್, ಬ್ರೆಡ್, ಸಾಸಿವೆ, ಎರಡು ಮೊಟ್ಟೆ...

ಹೇಳಿ ಮುಗಿಸೋ ಅಷ್ಟರಲ್ಲಿ ನಮಗೇ ಗೊತ್ತಾಯ್ತು.

"ಮೊಟ್ಟೆ ಹಾಕಿದ್ರಾ?" ಅಂತ ಒಂದೇ ಸಲ ಕೇಳಿದ. ತಟ್ಟೆ ಸಿಂಕಿಗೆ ಇಟ್ಟ, ಕೈ ತೊಳೆದ, ಮಹಡಿ ಹತ್ತಿ ಹೋದ. ಕೂಗಾಡಿದ್ರೆ ಚೆನ್ನಾಗಿತ್ತು. ಮುಂದಿನ ಎರಡು ವಾರ ನಮ್ಮ ಜೊತೆ ಊಟಕ್ಕೆ ಕೂರ್ಲಿಲ್ಲ. ನಾವೆಲ್ಲಾ ಲೈಬ್ರರಿಗೆ ಹೋದ ಹೊತ್ತಲ್ಲಿ ಅನ್ನ ಮಾಡ್ಕೊಂಡು, ತಂಬುಳಿ ಕಲಸ್ಕೊಂಡು ಒಬ್ಬನೇ ತಿಂತಿದ್ದ.

ಆ ಎರಡು ವಾರ ನಾವು ನಮ್ಮೊಳಗೇ ವಾದ ಮಾಡಿದ್ದು ಬಹಳ. ಪ್ರಾಮಾಣಿಕವಾಗಿ ಹೇಳೋದಾದ್ರೆ, ಮೊದಲಿಗೆ ನಾವು ನಮ್ಮ ಪರವೇ ವಾದ ಮಾಡಿದ್ವಿ. ಬ್ರಿಟನ್ನಿನಲ್ಲಿ ವೆಜಿಟೇರಿಯನ್ ಅಂದ್ರೆ ಮೊಟ್ಟೆ, ಹಾಲು ಎರಡೂ ಸೇರಿದ್ದು. 1847ರಲ್ಲಿ ಶುರುವಾದ ಅಲ್ಲಿನ ವೆಜಿಟೇರಿಯನ್ ಸೊಸೈಟಿ ಕೂಡ ಮೊಟ್ಟೆಯನ್ನ ಒಪ್ಪುತ್ತೆ. ಅಂಗಡಿಯಲ್ಲಿ ವೆಜ್ ಗುರುತಿರೋ ಪ್ಯಾಕೆಟ್ಟಿನಲ್ಲಿ ಮೊಟ್ಟೆ ಇರೋದು ಮಾಮೂಲು. ನಮ್ಮ ದೇಶದಲ್ಲಿ ಹಾಗಲ್ಲ, ಮೊಟ್ಟೆ ಇದ್ರೆ ಹಸಿರು ಚುಕ್ಕೆ ಸಿಗಲ್ಲ, ಕಂದು ಗುರುತು ಬೀಳುತ್ತೆ. ಹಾಗಾಗಿ 'ನಾವು ಹೇಳಿದ್ದು ಆ ದೇಶದ ಅರ್ಥದಲ್ಲಿ ಸರಿಯೇ' ಅನ್ನೋದು ನಮ್ಮ ಮೊದಲ ವಕಾಲತ್ತು. ಅದು ನಿಲ್ಲಲ್ಲ. ಮಂಡ್ಯದವನು ಶಿರಸಿಯವನಿಗೆ ಕನ್ನಡದಲ್ಲಿ 'ವೆಜ್' ಅಂದಾಗ ಆ ಪದದ ಅರ್ಥ ಕಾರ್ಡಿಫ್‌ನದ್ದಾಗೋಕೆ ಹೇಗೆ ಸಾಧ್ಯ?

ಎರಡನೇ ವಕಾಲತ್ತು: ಅವನೂ ಕೇಳ್ಬಹುದಿತ್ತಲ್ಲ. ಇದಕ್ಕೆ ಆಮೇಲೆ ಅವನೇ ಉತ್ತರ ಕೊಟ್ಟ. "ಅಂಗಡೀಲಿ ಆಗಿದ್ರೆ ಪ್ಯಾಕೆಟ್ ತಿರುಗ್ಸಿ ಓದ್ತಿದ್ದೆ. ನೀವು ಮಾಡಿದ್ರಿ ಅಂತ ಓದ್ಲಿಲ್ಲ." ಇದಕ್ಕೆ ನಮ್ಮ ಹತ್ರ ಮರುಮಾತು ಇರ್ಲಿಲ್ಲ.

ಮೂರನೇದು ಸ್ವಲ್ಪ ಕಹಿ. 'ಒಂದು ಮೊಟ್ಟೆಯಿಂದ ಏನಾಗುತ್ತೆ, ಅಡ್ಜಸ್ಟ್ ಮಾಡ್ಕೋಬೇಕಪ್ಪ' ಅಂತ ನಮ್ಮಲ್ಲೊಬ್ಬ ಅಂದ. ಯಾಕೆ ಹಾಗಂದ ಅಂತ ಕೆದಕಿದಾಗ ಹೊರಬಂದದ್ದು ಬೇರೆ. ಬೆಂಗಳೂರಿನಲ್ಲಿ ಇಂಟರ್ನ್‌ಶಿಪ್ ಮಾಡುವಾಗ 'ಸಸ್ಯಾಹಾರಿಗಳಿಗೆ ಮಾತ್ರ' ಅನ್ನೋ ಬೋರ್ಡು ನೋಡಿ ನಾಲ್ಕು ಮನೆ ಬಾಗಿಲಿಂದ ವಾಪಸ್ ಬಂದವನು ಅವನು. ಐದನೇ ಮನೆಯಲ್ಲಿ ಊಟದ ಬಗ್ಗೆ ಸುಳ್ಳು ಹೇಳಿ ಸೇರ್ಕೊಂಡು, ಆರು ತಿಂಗಳು ಮೀನು ತಿನ್ನೋಕೆ ಬಸ್ ಹತ್ತಿ ಹೋಗ್ತಿದ್ದವನು. ಆ ಸಿಟ್ಟು ನ್ಯಾಯವಾದದ್ದೇ. ತಿನ್ನೋದನ್ನ ನೋಡಿ ಮನೆ ಕೊಡೋದು, ಪಕ್ಕದಲ್ಲಿ ಕೂರಿಸೋದು ನಮ್ಮೂರಿನ ದೊಡ್ಡ ರೋಗ, ಅದನ್ನ ನಾವು ಸಣ್ಣದು ಮಾಡ್ತಿಲ್ಲ. ಆದ್ರೆ ಆ ಬೋರ್ಡು ಹಾಕಿದವನು ಶಿರಸಿಯ ಹುಡುಗನಲ್ಲ. ಮನೆ ಮಾಲೀಕರ ಮೇಲಿನ ಬಾಕಿಯನ್ನ ಗೆಳೆಯನ ತಟ್ಟೆಯಿಂದ ವಸೂಲಿ ಮಾಡೋದು ಯಾವ ಲೆಕ್ಕ? ಈ ಮಾತು ಆವತ್ತು ರಾತ್ರಿ ಒಂದು ಗಂಟೆಗೆ ನಮ್ಮ ನಮ್ಮಲ್ಲೇ ಆದದ್ದು. ಇಲ್ಲಿ ಬರೀಬಹುದು ಅಂತ ಅವನೇ ಒಪ್ಪಿಗೆ ಕೊಟ್ಟಿದ್ದಾನೆ.

ಇಷ್ಟಕ್ಕೇ ಮುಗೀಲಿಲ್ಲ. ತಪ್ಪು ತಿದ್ದೋಣ ಅಂತ ಮೊಟ್ಟೆ ಇಲ್ಲದೆ ಮಾಡೋ ದಾರಿ ಹುಡುಕುವಾಗ ರೆನ್ನೆಟ್ ಅನ್ನೋದು ಎದುರಾಯ್ತು. ಹಾಲನ್ನ ಚೀಸಾಗಿ ಹೆಪ್ಪುಗಟ್ಟಿಸೋ ಕಿಣ್ವ ಅದು. ಹಳೇ ಪದ್ಧತಿಯಲ್ಲಿ ಅದನ್ನ ತೆಗೆಯೋದು ಇನ್ನೂ ಹಾಲು ಕುಡೀತಿರೋ ಕರುವಿನ ನಾಲ್ಕನೇ ಹೊಟ್ಟೆಯಿಂದ, ಕರುವನ್ನ ಕಡಿದ ಮೇಲೆ. ಅದರಲ್ಲಿರೋ ಕೈಮೋಸಿನ್ ಹಾಲಿನ ಕೇಸಿನ್ ಪ್ರೋಟೀನನ್ನ ಒಂದು ನಿರ್ದಿಷ್ಟ ಜಾಗದಲ್ಲಿ ಕತ್ತರಿಸುತ್ತೆ, ಹಾಲು ಗಟ್ಟಿಯಾಗುತ್ತೆ. ಅದೇ ಕೈಮೋಸಿನ್ನನ್ನ ಸೂಕ್ಷ್ಮಜೀವಿಗಳಿಂದ ಮಾಡಿಸೋ ವಿಧಾನಕ್ಕೆ ಅಮೆರಿಕದಲ್ಲಿ 1990ರಲ್ಲೇ ಅನುಮತಿ ಸಿಕ್ಕಿತ್ತು. ಈಗ ಬಹಳಷ್ಟು ಚೀಸಿಗೆ ಅದನ್ನೇ ಬಳಸ್ತಾರೆ. ಬಯೋಟೆಕ್‌ನವರು ಕಾಲರ್ ಏರಿಸ್ಕೊಳ್ಳಬಹುದು. ಆದ್ರೆ ಎಲ್ಲದಕ್ಕೂ ಅಲ್ಲ. ಇಟಲಿಯ ಅಸಲಿ ಪಾರ್ಮಿಜಾನೋ ರೆಜ್ಜಾನೋ ಮಾಡೋಕೆ ಕರುವಿನ ರೆನ್ನೆಟ್ಟೇ ಕಡ್ಡಾಯ.

ನಾವು ಚೀಸ್ ತಂದದ್ದು ಸಂತೆಯ ಒಂದು ಅಂಗಡಿಯಿಂದ. ದೊಡ್ಡ ಗಾಲಿಯಿಂದ ಕತ್ತರಿಸಿ ಕಾಗದದಲ್ಲಿ ಸುತ್ತಿ ಕೊಟ್ಟಿದ್ರು, ಲೇಬಲ್ ಇರ್ಲಿಲ್ಲ, ನಾವೂ ಕೇಳಿರ್ಲಿಲ್ಲ. ಈಗ ಹೋಗಿ ಕೇಳಿದ್ವಿ. ಅಂಗಡಿಯಾಕೆ ಮುಚ್ಚುಮರೆ ಇಲ್ಲದೆ, ಸಾಂಪ್ರದಾಯಿಕ ರೆನ್ನೆಟ್, ಕರುವಿನದ್ದು ಅಂದ್ರು. ಅಂದ್ರೆ ಮೊಟ್ಟೆ ತೆಗೆದ್ರೂ ಆವತ್ತಿನ ತಿಂಡಿ ಅವನ ಲೆಕ್ಕದಲ್ಲಿ ವೆಜ್ ಆಗ್ತಿರ್ಲಿಲ್ಲ. ಅವನ ಲೆಕ್ಕ ಬಿಡಿ, ಬ್ರಿಟನ್ನಿನ ಸಸ್ಯಾಹಾರಿಗಳ ಲೆಕ್ಕದಲ್ಲೂ ಆಗ್ತಿರ್ಲಿಲ್ಲ.

ಈಗ ಹೇಳಿ, ಇದನ್ನ ಅವನಿಗೆ ಹೇಳ್ಬೇಕಾ ಬೇಡ್ವಾ? ಅವನು ಆಗಷ್ಟೇ ನಮ್ಮ ಜೊತೆ ಟೀ ಕುಡಿಯೋಕೆ ಶುರು ಮಾಡಿದ್ದ. ಹೇಳದಿದ್ರೆ ಅವನಿಗೆ ಯಾವತ್ತೂ ಗೊತ್ತಾಗ್ತಿರ್ಲಿಲ್ಲ. ಹೇಳಿದ್ರೆ ಇನ್ನೆರಡು ವಾರ ತಂಬುಳಿ. ನಮ್ಮಲ್ಲಿಬ್ಬರು ಬೇಡ ಅಂದ್ರು, 'ಗೊತ್ತಿಲ್ಲದ್ದಕ್ಕೆ ದೋಷ ಇಲ್ಲ' ಅಂತ ಅಜ್ಜಿಯಂದಿರ ಮಾತನ್ನೂ ಎಳೆದು ತಂದ್ರು. ಆದ್ರೆ ಆ ಮಾತನ್ನ ಗೊತ್ತಿಲ್ಲದವನು ಹೇಳ್ಬೇಕು, ಗೊತ್ತಿರೋನು ಹೇಳೋಕೆ ಬರಲ್ಲ. ಪಟ್ಟಿ ಹೇಳ್ಬೇಕು ಅಂತ ಈಗಷ್ಟೇ ನಿರ್ಧಾರ ಮಾಡಿದವರು ಪಟ್ಟಿಯ ಅರ್ಧವನ್ನ ಮುಚ್ಚಿಟ್ರೆ, ಆ ನಿರ್ಧಾರವೇ ನಾಟಕ.

ಹೇಳಿದ್ವಿ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಲ್ಯಾಪ್‌ಟಾಪ್ ತೆಗೆದು ತಾನು ಈ ದೇಶಕ್ಕೆ ಬಂದಾಗಿನಿಂದ ತಿಂದ ಪಿಜ್ಜಾ, ಪಾಸ್ತಾಗಳನ್ನೆಲ್ಲಾ ಒಂದೊಂದಾಗಿ ನೋಡಿದ. ಮುಖ ಸಣ್ಣದಾಯ್ತು. "ಇನ್ಮೇಲೆ ಲೇಬಲ್ ಇರೋ ಚೀಸೇ ತರೋಣ. ಹಿಂದಿಂದು ಹೋಗ್ಲಿ" ಅಂದ. ಗೆರೆ ಎಲ್ಲಿ ಅಂತ ಅವನೇ ಎಳ್ಕೊಂಡ. ನಾವು ಅವನ ಪರವಾಗಿ ಮೊದಲೇ ಎಳೆದುಬಿಟ್ಟಿದ್ವಲ್ಲ, ಅದೇ ತಪ್ಪು. ಗೆರೆಯನ್ನ ನಾವು ಒಪ್ಪಬೇಕಾಗಿಲ್ಲ. ಅದರ ಬಗ್ಗೆ ಇವತ್ತಿಗೂ ಜಗಳ ಆಡ್ತೀವಿ, ಅವನ ವಾದ ಪೂರ್ತಿ ಸರಿ ಅಂತ ನಮಗನ್ನಿಸಲ್ಲ. ಆದ್ರೆ ಜಗಳ ಬಾಯಿಂದ ಬಾಯಿಗೆ ಆಗಲಿ, ತಟ್ಟೆಯೊಳಗೆ ಕದ್ದು ಬೇಡ.

ಮಾಂಸ ಇಲ್ಲದ್ದಕ್ಕೆ ಸಾಸೇಜ್ ಅನ್ನೋ ಹೆಸರೇ ಮೋಸ ಅನ್ನೋರೂ ಇದ್ದಾರೆ. ಯುರೋಪಿಯನ್ ಪಾರ್ಲಿಮೆಂಟಿನಲ್ಲಿ ಇದರ ಮೇಲೆ ಮತಕ್ಕೇ ಹಾಕಿದ್ರು. 2020ರಲ್ಲಿ ಆ ಹೆಸರಿಗೆ ನಿರ್ಬಂಧ ಬೇಡ ಅಂದವರು 2025ರ ಅಕ್ಟೋಬರ್‌ನಲ್ಲಿ ಬೇಕು ಅಂದ್ರು. ನಮಗೆ ಇದು ತಲೆನೋವಿಲ್ಲದವರ ತಲೆನೋವು ಅನ್ನಿಸುತ್ತೆ. ಗ್ಲಾಮೊರ್ಗನ್ ಸಾಸೇಜಿನಲ್ಲಿ ಮಾಂಸ ಇದೆ ಅಂದ್ಕೊಂಡು ಯಾರೂ ಮೋಸ ಹೋಗ್ಲಿಲ್ಲ. ಇಲ್ಲಿ ಮೋಸ ಆದದ್ದು ಸಾಸೇಜ್ ಪದದಿಂದಲ್ಲ, ವೆಜ್ ಪದದಿಂದ.

ಮೂರನೇ ಬ್ಯಾಚನ್ನ ಅವನೇ ಮುಂದೆ ನಿಂತು ಮಾಡಿಸಿದ. ಸಸ್ಯಾಹಾರಿಗಳಿಗೆ ಆಗುತ್ತೆ ಅಂತ ಬರೆದಿದ್ದ ಕೇರ್‌ಫಿಲಿ ಸಿಕ್ತು. ಮೊಟ್ಟೆಯ ಬದಲು ಎರಡು ಚಮಚ ಹುರಿದ ಕಡಲೆ ಹಿಟ್ಟು, ಒಂದು ಸಣ್ಣ ಬೇಯಿಸಿದ ಆಲೂಗಡ್ಡೆ. ಹೊರಗೆ ಅದ್ದೋಕೆ ದೋಸೆ ಹಿಟ್ಟಿನ ಹದಕ್ಕೆ ಕಲಸಿದ ಮೈದಾ. ಫ್ರಿಜ್‌ನಲ್ಲಿ ಅರ್ಧ ಗಂಟೆ ಸಾಲದು, ಒಂದು ಗಂಟೆ ಇಡ್ಬೇಕಾಯ್ತು. ಎಂಟರಲ್ಲಿ ಒಂದು ಮಾತ್ರ ಒಡೀತು. ಮೊಟ್ಟೆ ಹಾಕಿದ್ದರಷ್ಟು ಹಗುರ ಬರಲ್ಲ, ಸುಳ್ಳು ಹೇಳಲ್ಲ. ಕಡಲೆ ಹಿಟ್ಟಿನ ವಾಸನೆಗೆ ದಾವಣಗೆರೆಯವರಿಬ್ಬರೂ 'ಇದು ನಮ್ಮೂರ ಮಿರ್ಚಿಯ ನೆಂಟ' ಅಂದು ಮಂಡಕ್ಕಿ ಹುಡುಕಿದ್ರು.

ಕ್ಯಾಂಪಸ್ಸಿನಲ್ಲಿ ಮಾಡ್ತೀವಿ ಅನ್ನೋರಿಗೆ (ಹಾಸ್ಟೆಲ್ ರೂಮಲ್ಲಿ ಇಂಡಕ್ಷನ್ ಒಲೆ ಯಾರ ಹತ್ರ ಇದೆ ಅಂತ ನಾವು ಕೇಳಲ್ಲ) ಒಂದು ಮಾತು. ಕೇರ್‌ಫಿಲಿ ಸಿಗದಿದ್ರೆ ಪನೀರು, ಪ್ರೊಸೆಸ್ಡ್ ಚೀಸು ಅರ್ಧರ್ಧ ಹಾಕಿ. ಬರೀ ಪನೀರ್ ಎಷ್ಟು ಕಾಯಿಸಿದ್ರೂ ಕರಗಲ್ಲ. ಬರೀ ಪ್ರೊಸೆಸ್ಡ್ ಚೀಸ್ ಹಾಕಿದ್ರೆ, ಅದರಲ್ಲಿ ಸೇರಿಸಿರೋ ಲವಣಗಳಿಂದಾಗಿ ಪೂರ್ತಿ ಕರಗಿ ಸೋರಿಹೋಗುತ್ತೆ. ಲೀಕಿನ ಬದಲು ಈರುಳ್ಳಿ ಸೊಪ್ಪು. ಅದಕ್ಕೆ ಗ್ಲಾಮೊರ್ಗನ್ ಅನ್ನಿ, ಚೀಸ್ ಕಡುಬು ಅನ್ನಿ, ವೇಲ್ಸ್‌ನವರು ಬಂದು ಕೇಸ್ ಹಾಕಲ್ಲ.

ನಮ್ಮ ಫ್ರಿಜ್ಜಿನ ಬಾಗಿಲಿಗೆ ಈಗ ಒಂದು ಹಾಳೆ ಅಂಟಿಸಿದೆ. ಯಾರೇ ಅಡುಗೆ ಮಾಡಿದ್ರೂ ಏನೇನು ಹಾಕಿದ್ದೀವಿ ಅಂತ ಅದರಲ್ಲಿ ಬರೀಬೇಕು, ಕನ್ನಡದಲ್ಲಿ. ಒತ್ತಕ್ಷರ ತಪ್ಪಿದ್ರೆ ಪಾತ್ರೆ ತೊಳೆಯೋ ಶಿಕ್ಷೆ. ಹಾಳೆಯ ತುದಿಯಲ್ಲಿ ಕೆಂಪು ಪೆನ್ನಿನಲ್ಲಿ ಶಿರಸಿಯವನ ದುಂಡಕ್ಷರ ಇದೆ: 'ಮಂಡ್ಯದವನು ಲೀಕ್ ತೊಳೆಯುವ ಹಾಗಿಲ್ಲ.'